ಬುಧವಾರದ ಮದುವೆ

೯ ಜನವರಿ ೧೭೬೫

ಬೆಳಗ್ಗೆಯಿಂದ ಅದೇ ಗೋಳು. ದೊರೆಯ ಕಾಲು ಮತ್ತೆ ಊದಿಕೊಂಡಿದೆ. ಕೋಸಿನೆಲೆ ಬಿಸಿ ಮಾಡಿ ಕಟ್ಟಿದೆ. ಬಿಚ್ಚಿ ಎಸೆದರು. ಮತ್ತೆ ಕಟ್ಟಿದೆ. ಮತ್ತೆ ಎಸೆದರು. ಕೊನೆಗೆ ಕಟ್ಟಿ, ಮಂಚದ ಅಂಚಿನಲ್ಲಿ ಕಾವಲು ಕೂತೆ.

"ಈ ಸಂಸ್ಥಾನಕ್ಕೆ ದೊರೆ ಯಾರೇ ಡೋರ್ಲೆ, ನಾನೋ ನೀನೋ?"

"ಸೊಂಟದಿಂದ ಮೇಲೆ ನೀವು. ಕಾಲಿಗೆ ನಾನು" ಅಂದೆ.

ನಕ್ಕರು. ನಗುತ್ತ ಕೆಮ್ಮು ಬಂತು. ಆ ಕೆಮ್ಮು ನನಗೆ ಹಿಡಿಸಲಿಲ್ಲ. ಹಿಮದಲ್ಲಿ ಹಂದಿ ಬೇಟೆ ಬೇಡ ಎಂದು ಬಡಕೊಂಡಿದ್ದೆ. ಕೇಳಿದರೆ ತಾನೆ. ಹಂದಿ ಸಿಗಲಿಲ್ಲ, ನೆಗಡಿ ಸಿಕ್ಕಿತು.

ಕೆಲಸದ ಲೀಸ್ಬೆಟ್ ಹಾಸಿಗೆ ಕೊಡವುತ್ತ, "ಹೇಳಿದ ಮಾತು ಕೇಳೋ ಗಂಡಸು ಎಲ್ಲಾದ್ರೂ ಇದ್ರೆ ತೋರಿಸಿ ಅಮ್ಮಾ, ಅಡ್ಡಬೀಳ್ತೀನಿ" ಅಂದಳು. ದೊರೆಗೆ ಕೇಳಿಸಿತು. ಕೇಳಿಸಲಿ ಎಂದೇ ಅಂದಿದ್ದು.

೧೨ ಜನವರಿ, ಮಧ್ಯಾಹ್ನ

ಜ್ವರ. ಮೈ ಕಾದ ಹೆಂಚು. ಡಾಕ್ಟರು ತೋಳಿನಿಂದ ರಕ್ತ ತೆಗೆದರು. ಎದೆಯಲ್ಲಿ ಗೊರಗೊರ ಸದ್ದು. ನನ್ನ ಗುರುತು ಸಿಗುತ್ತಿಲ್ಲ. "ಅಮ್ಮಾ" ಎಂದು ಕರೆದರು. ಆಗಲಿ, ಯಾರಾದರೂ ಸರಿ ಎಂದು ಕೈ ಹಿಡಿದುಕೊಂಡೆ.

ಸಂಜೆ

ಪಾದ್ರಿ ಗೊಟ್‌ಶಾಲ್ಕ್ ಸಾಯುವವರಿಗೆ ಕೊಡುವ ಪ್ರಸಾದದ ಬಟ್ಟಲು ಹಿಡಿದು ಬಂದರು. ಹೊಸಿಲು ದಾಟಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. ದೊರೆಯ ಅಕ್ಕ ಉಲ್ರಿಕೆಯ ಹತ್ತಿರ ಹೇಳಿದರು — "ಅಮ್ಮಣ್ಣಿಯವರೇ, ಮದುವೆಯಾಗದ ಹೆಂಗಸು ಮಂಚದ ಪಕ್ಕ ಇರೋವಾಗ ನಾನು ಪ್ರಸಾದ ಕೊಡೋ ಹಾಗಿಲ್ಲ. ಮಹಾಸ್ವಾಮಿಗಳು ಪ್ರಸಾದ ಇಲ್ದೇ ಹೋದ್ರೆ..."

ಮಾತು ಅಲ್ಲಿಗೇ ಬಿಟ್ಟರು. ಬಿಟ್ಟಿದ್ದು ನನಗೆ ಪೂರ್ತಿ ಕೇಳಿಸಿತು.

ಉಲ್ರಿಕೆ ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಜಗಳ ಆಡುತ್ತಿದ್ದೆ. "ಏಳು, ಡೊರೊಥೇ" ಅಂದಳು ಅಷ್ಟೇ. "ಅವನ ಆತ್ಮದ ಪ್ರಶ್ನೆ."

ಹದಿನಾಲ್ಕು ವರ್ಷ ಅವರ ಜೊತೆ ಬಾಳಿದೆ. ಕಹಳೆ ಊದುವವನ ಮಗಳು ನಾನು. ಅವರ ಅಡುಗೆಗೆ ಉಪ್ಪು ಎಷ್ಟು, ಗೊರಕೆ ಯಾವ ಮಗ್ಗುಲಿಗೆ, ಎಲ್ಲ ನನಗೆ ಗೊತ್ತು. ರಾಣಿ ತೀರಿಕೊಂಡ ಮೇಲೂ ಮದುವೆಯ ಮಾತು ನಾನು ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಹೀಗೇ ಚೆನ್ನಾಗಿದೆಯಲ್ಲ ಎಂದುಕೊಂಡಿದ್ದೆ. ಎಂಥ ದಡ್ಡಿ ನಾನು.

ಎದ್ದೆ. ಅವರು ನನ್ನ ಬೆರಳು ಬಿಡಲಿಲ್ಲ. ನಾನೇ ಒಂದೊಂದಾಗಿ ಬಿಡಿಸಿಕೊಂಡೆ.

೨೦ ಜನವರಿ

ಕಹಳೆಗಾರರ ಬೀದಿ, ತಂಗಿಯ ಮನೆ. ನಮ್ಮ ಮಗಳು ಯೆಟ್ಟೆ ದಿನಾ ಕೇಳುತ್ತಾಳೆ, ಅಪ್ಪ ಯಾವಾಗ ಬರುತ್ತಾರೆ? ಏನು ಹೇಳಲಿ.

ಬರೆಯಲು ಕೈ ಬರಲಿಲ್ಲ ಇಷ್ಟು ದಿನ. ದೊರೆ ಹೋದರೆ ಕೋಟೆಯ ದೊಡ್ಡ ಗಂಟೆ ಬಾರಿಸುತ್ತಾರೆ. ಯಾವ ಗಂಟೆ ಬಾರಿಸಿದರೂ ಅದೇ ಇರಬೇಕು ಅನ್ನಿಸುತ್ತದೆ. ಇವತ್ತು ಭಾನುವಾರದ ಪ್ರಾರ್ಥನೆಯ ಗಂಟೆಗೆ ಕೈಯಲ್ಲಿದ್ದ ಸೂಪಿನ ಬೋಗುಣಿ ಬಿಟ್ಟೆ.

ಕೋಟೆಯ ಅಡುಗೆಮನೆ ಬಾಗಿಲಿಗೆ ಹೋಗಿ ನಿಂತಿದ್ದೆ ನಿನ್ನೆ. ಒಳಗೆ ಬಿಡಬಾರದಂತೆ, ಮೇಲಿನಿಂದ ಅಪ್ಪಣೆಯಂತೆ. ಬಿಡದಿದ್ದರೆ ಬೇಡ, ಬದುಕಿದ್ದಾರಾ ಅಷ್ಟು ಹೇಳಿ ಎಂದೆ. ಕಾವಲಿನವನು ಅತ್ತಿತ್ತ ನೋಡಿ ಹೌದೆಂದು ತಲೆಯಾಡಿಸಿದ. ಅವನಿಗೆ ಒಳ್ಳೆಯದಾಗಲಿ.

ಸತ್ತರೆ ಹೆಣವನ್ನೂ ದೂರದಿಂದಲೇ ನೋಡಬೇಕು ನಾನು. ಜನರ ಮಧ್ಯೆ, ಬೀದಿಯಲ್ಲಿ.

೨೩ ಜನವರಿ

ಬದುಕಿದರು! ಜ್ವರ ಬಿಟ್ಟಿದೆ!

ಲೀಸ್ಬೆಟ್ ಓಡಿಬಂದಳು, ಚಪ್ಪಲಿಯೂ ಇಲ್ಲ, ಹಿಮದಲ್ಲಿ ಬರಿಗಾಲು. ಅಳುತ್ತ ನಗುತ್ತ ಹೇಳಿದಳು — "ಕಣ್ಣು ಬಿಟ್ಟೋರೇ 'ಡೋರ್ಲೆ ಎಲ್ಲಿ' ಅಂದ್ರು ಕಣಮ್ಮಾ. ಅಮ್ಮಣ್ಣಿಯವರು, ಅವಳೇ ಹೋದಳು ಅಂದ್ರು. 'ಅವಳಾ? ನನ್ನ ಕಾಲು ಬಿಟ್ಟು ಹೋಗೋಳಾ ಅವಳು?' ಅಂದವರೇ ಕಷಾಯದ ಲೋಟ ತಗೊಂಡು ಎಸೆದ್ರು ನೋಡಿ, ಡಾಕ್ಟರ ತಲೆಯ ಹೊಸ ಕೂದಲ ಟೋಪನ್ನು ತೆಗೆದು ಒಲೆಗೇ ಬೀಳಿಸ್ತು!"

ಗಾಡಿ ಹೊರಗೆ ನಿಂತಿದೆ. ಕೂದಲೂ ಬಾಚಿಲ್ಲ. ಹೊರಟೆ.

೫ ಫೆಬ್ರವರಿ

ಇವತ್ತು ಕೋಳಿಯ ತೊಡೆ ಪೂರ್ತಿ ತಿಂದರು. ಕೈ ಒರೆಸಿಕೊಂಡು, ಹವಾಮಾನ ಹೇಳುವ ಹಾಗೆ — "ನಿನ್ನನ್ನ ಮದುವೆ ಆಗ್ತೀನಿ."

"ತಮಾಷೆ ಬೇಡ. ಕೆಮ್ಮು ಬರುತ್ತೆ."

"ಎಡಗೈ ಮದುವೆ ಆಗುತ್ತಂತೆ ಕಣೇ. ವಕೀಲರನ್ನ ಕೇಳಿದೆ. ನೀನು ರಾಣಿ ಆಗಲ್ಲ. ಯೆಟ್ಟೆಗೆ ಗದ್ದುಗೆಯ ಪಾಲಿಲ್ಲ. ಹೆಂಡತಿ ಅನ್ನೋದು ಮಾತ್ರ ಗಟ್ಟಿ. ಸಾಕಾ?"

ಎಡಗೈ ಕೊಡಲಿ, ಬಲಗೈ ಕೊಡಲಿ, ನನಗೇನು. "ಇನ್ನೊಂದು ಸಲ ನೀವು ಮಲಗಿದಾಗ ನನ್ನನ್ನ ಮಂಚದ ಪಕ್ಕದಿಂದ ಯಾರೂ ಎಬ್ಬಿಸಬಾರದು. ಅಷ್ಟು ಆಗುತ್ತಾ?" ಅಂದೆ.

ಅವರ ಕಣ್ಣು ತುಂಬಿಕೊಂಡಿತ್ತು. ಸಾಸಿವೆ ಖಾರ ಅಂದರು. ತಟ್ಟೆಯಲ್ಲಿ ಸಾಸಿವೆಯೇ ಇರಲಿಲ್ಲ.

೧೧ ಫೆಬ್ರವರಿ

ಸಂತೋಷಕ್ಕೆ ಆಯಸ್ಸು ಕಮ್ಮಿ.

ಪಾದ್ರಿ ಬಂದು ಚರ್ಚಿನ ಕಟ್ಟಳೆ ಓದಿದರು. ಮದುವೆಗೆ ಮುಂಚೆ ಮಗು ಹೆತ್ತವರಿಗೆ ಭಾನುವಾರದ ಮದುವೆ ಇಲ್ಲ, ಬುಧವಾರ. ಗಂಟೆ ಬಾರಿಸುವುದಿಲ್ಲ. ಹೆಣ್ಣು ಹೂದಂಡೆ ಮುಡಿಯುವಂತಿಲ್ಲ, ಬಿಳಿ ಟೊಪ್ಪಿಗೆ. ಇಬ್ಬರೂ ಎಲ್ಲರೆದುರು ಕಪ್ಪು ಕಲ್ಲಿನ ಮೇಲೆ ನಿಂತು 'ತಪ್ಪಾಯಿತು' ಎನ್ನಬೇಕು. ಇಬ್ಬರೂ.

ದೊರೆ ಸಿಡಿದರು. "ಯಾವ ಅವಿವೇಕಿ ಮಾಡಿದ್ದು ಇದನ್ನ?"

"ಕೆಳಗೆ ಸಹಿ ತಮ್ಮದೇ, ಮಹಾಸ್ವಾಮಿ."

"ನಾನು ಯಾವಾಗ ಹಾಕಿದೆ?"

"ಬೇಟೆಗೆ ಹೊರಟಿದ್ರಿ. ಕುದುರೆ ಮೇಲೇ ಕೂತು ಹಾಕಿದ್ರಿ. ಓದಿ ಹೇಳ್ಲಾ ಅಂದೆ. ಬೇಡ, ನಾಯಿಗಳು ಕಾಯ್ತಿವೆ ಅಂದ್ರಿ."

ಲೇಖನಿ ತಾ, ಈಗಲೇ ಹೊಡೆದುಹಾಕುತ್ತೇನೆ ಎಂದರು. ಪಾದ್ರಿ ಅಲುಗಲಿಲ್ಲ. "ಹೊಡೆದು ಹಾಕಬಹುದು. ಅಧಿಕಾರ ಇದೆ. ಆದ್ರೆ ತನ್ನ ಮದುವೆಗೋಸ್ಕರ ತಾನೇ ಕಟ್ಟಳೆ ಅಳಿಸಿದ ದೊರೆಯ ಮದುವೆ, ನಾಳೆ ತಾವಿಲ್ಲದಾಗ ನಿಲ್ಲುತ್ತಾ? ಕೇಳೋರು ಕೇಳ್ತಾರೆ. ನನಗೂ ಉತ್ತರ ಗೊತ್ತಿಲ್ಲ."

ಈ ಮನುಷ್ಯನ ಮೇಲೆ ಎಷ್ಟು ಸಿಟ್ಟಿದ್ದರೂ ಸುಳ್ಳುಗಾರ ಎನ್ನಲಾರೆ.

"ಅಳಿಸಬೇಡಿ" ಅಂದೆ ನಾನು. "ಬುಧವಾರವೇ ಆಗಲಿ. ನಾನು ನಿಲ್ತೀನಿ."

"ನೀನು ನಿಲ್ತೀಯ. ನಾನು?" ಅಂದರು. ಗೋಡೆ ಕಡೆ ತಿರುಗಿ ಮಲಗಿದರು.

೨೦ ಫೆಬ್ರವರಿ

ಉಪವಾಸದ ಕಾಲ ಶುರು. ಈಸ್ಟರ್ ಮುಗಿಯುವವರೆಗೆ ಮದುವೆ ಇಲ್ಲ. ದೊರೆ ಆ ಮಾತೇ ಎತ್ತುವುದಿಲ್ಲ.

ಲೀಸ್ಬೆಟ್ ಮದುವೆಯೂ ಬುಧವಾರ ಆಗಿದ್ದಂತೆ. ನನಗೆ ಗೊತ್ತೇ ಇರಲಿಲ್ಲ. "ನಮ್ಮ ಬೀದೀಲಿ ಅರ್ಧಕ್ಕರ್ಧ ಬುಧವಾರದೋರೇ ಅಮ್ಮಾ. ಮೊದಲನೇ ಕೂಸು ಅವಸರದ್ದು, ಮಿಕ್ಕಿದ್ದೆಲ್ಲ ಸರಿಯಾಗಿ ಒಂಬತ್ತು ತಿಂಗಳು." ನಕ್ಕಳು. ಆಮೇಲೆ ಮೆಲ್ಲಗೆ — "ಕಲ್ಲು ತಣ್ಣಗಿರುತ್ತೆ. ದಪ್ಪ ಕಾಲುಚೀಲ ಹಾಕ್ಕೊಳ್ಳಿ. ನನ್ನ ಗಂಡ ನಿಂತಾಗ ಅವನ ಯಜಮಾನ ಮುಂದಿನ ಸಾಲಲ್ಲಿ ಕೂತು ನಗ್ತಿದ್ದ. ಸಾಯೋವರೆಗೂ ಅದನ್ನ ಮರೀಲಿಲ್ಲ ಅವನು."

೨೮ ಮಾರ್ಚ್

ಉಲ್ರಿಕೆ ನನ್ನ ಕೋಣೆಗೆ ಬಂದಳು. ಇಷ್ಟು ವರ್ಷದಲ್ಲಿ ಮೊದಲ ಸಲ. ಕುರ್ಚಿ ತೋರಿಸಿದೆ, ಕೂರಲಿಲ್ಲ.

"ಅವನು ಆ ಕಲ್ಲಿನ ಮೇಲೆ ನಿಲ್ಲಲ್ಲ. ನಮ್ಮ ಮನೆತನದಲ್ಲಿ ಯಾರೂ ತಪ್ಪಾಯ್ತು ಅಂದವರಲ್ಲ. ಕೋರ್ಟಿಗೆ ಹೋದ್ರೂ ಅನ್ನಲ್ಲ, ಸಾಯೋವಾಗ್ಲೂ ಅನ್ನಲ್ಲ. ಚರ್ಚಲ್ಲಿ ನೀನೊಬ್ಬಳೇ ನಿಂತಿರ್ತೀಯ, ಊರೆಲ್ಲ ನೋಡುತ್ತೆ. ಬೇಕಾ ಅದು? ನದಿಯಾಚೆ ನನ್ನ ಮನೆ ಖಾಲಿ ಇದೆ. ಮಗಳನ್ನ ಕರ್ಕೊಂಡು ಮರ್ಯಾದೆಯಿಂದ ಇರು."

ನನ್ನ ಒಳ್ಳೆಯದಕ್ಕೇ ಹೇಳಿದಳು. ಅದೇ ಹೆಚ್ಚು ನೋವಾಯಿತು. "ನದಿಯಾಚೆಯಿಂದ ಅವರ ಕೆಮ್ಮು ಕೇಳಿಸಲ್ಲ ಅಮ್ಮಣ್ಣಿ" ಅಂದೆ.

ಅವಳು ಹೋದ ಮೇಲೆ ಅತ್ತೆ. ಅವಳು ಹೇಳಿದ್ದು ನಿಜವೇ ಇರಬಹುದು. ಬರುತ್ತೀರಾ ಎಂದು ಅವರನ್ನು ಕೇಳಲು ಬಾಯಿ ಬರುತ್ತಿಲ್ಲ. ಇಲ್ಲ ಎಂದುಬಿಟ್ಟರೆ?

೧೭ ಏಪ್ರಿಲ್, ಬುಧವಾರ, ಬೆಳಗ್ಗೆ

ಪಾದ್ರಿ ಗೊತ್ತು ಮಾಡಿದ ದಿನ. ಟೊಪ್ಪಿಗೆ ಕಟ್ಟಿಕೊಂಡೆ. ದೊರೆಯ ಕೋಣೆ ಬಾಗಿಲು ಒಳಗಿಂದ ಚಿಲಕ. ಒಬ್ಬಳೇ ಹೊರಟಿದ್ದೇನೆ.

ಅದೇ ದಿನ, ಸಂಜೆ

ಇವತ್ತೇ ಬರೆಯಬೇಕು ಇದನ್ನು.

ಕೆಲಸದ ದಿನ, ಹತ್ತು ಜನ ಬಂದರೆ ಹೆಚ್ಚು ಎಂದುಕೊಂಡಿದ್ದೆ. ಒಳಗೆ ಹೋದರೆ ಕಾಲಿಡಲು ಜಾಗವಿಲ್ಲ. ಅಗಸಗಿತ್ತಿಯರು, ಬೇಕರಿಯ ಹೆಂಗಸರು, ನೇಕಾರರ ಬೀದಿಯ ಮುದುಕಿಯರು. ಎಲ್ಲರ ತಲೆಯ ಮೇಲೂ ಅವರವರ ಮದುವೆಯ ಹಳೇ ಬಿಳಿ ಟೊಪ್ಪಿಗೆ. ಲೀಸ್ಬೆಟ್ ಮನೆಮನೆಗೂ ಹೋಗಿ ಹೇಳಿದ್ದಾಳೆ, ಕಳ್ಳಿ.

ಕಲ್ಲಿನ ಮೇಲೆ ನಿಂತೆ. ತಣ್ಣಗೇ ಇತ್ತು. ಪಕ್ಕದ ಜಾಗ ಖಾಲಿ. ಪಾದ್ರಿ ಕಾದರು, ಕೆಮ್ಮಿದರು, ಪುಸ್ತಕ ತಿರುವಿದರು. ಮುಂದಿನ ಸಾಲಿನಲ್ಲಿ ಉಲ್ರಿಕೆ ತಲೆ ತಗ್ಗಿಸಿದ್ದಳು. ಮುಗಿಯಿತು, ನದಿಯಾಚೆಯೇ ಗತಿ ಎಂದುಕೊಂಡೆ.

ಆಗ ಹಿಂದೆ ಕೋಲಿನ ಸದ್ದು. ಟಕ್... ಟಕ್... ಜೊತೆಗೆ ಬೈಗುಳ. ಊದಿದ ಕಾಲು ಬೂಟಿಗೆ ಹೋಗಿರಲಿಲ್ಲವಂತೆ. ಬೆಳಗಿನಿಂದ ಚಿಲಕ ಹಾಕಿಕೊಂಡು ಅದರ ಜೊತೆಯೇ ಹೋರಾಟ. ಕೊನೆಗೆ ಬೂಟು ಬಿಸಾಕಿ, ಒಂದು ಕಾಲಿಗೆ ಬರೀ ಪಟ್ಟಿ ಸುತ್ತಿಕೊಂಡು ಬಂದಿದ್ದರು. ಕತ್ತಿ ಇಲ್ಲ. ಪದಕ ಇಲ್ಲ. ಬಂದು ಕಲ್ಲಿನ ಮೇಲೆ ನಿಂತರು.

ಪಾದ್ರಿ ಪ್ರಶ್ನೆ ಕೇಳುವುದು ಬಿಟ್ಟು ಆ ಪಟ್ಟಿ ಸುತ್ತಿದ ಕಾಲನ್ನೇ ನೋಡಿದರು.

"ಕೇಳ್ರೀ ಪಾದ್ರಿಗಳೇ" ಅಂದರು ದೊರೆ. "ಕಾಲು ಸಿಡೀತಿದೆ."

ಕೇಳಿದರು. ನಾನು ತಪ್ಪಾಯಿತು ಎಂದೆ. ಅವರು ಪಾದ್ರಿ ಕಡೆ ನೋಡಲಿಲ್ಲ. ಹಿಂದಕ್ಕೆ ತಿರುಗಿದರು, ಆ ಟೊಪ್ಪಿಗೆಗಳ ಕಡೆ. "ತಪ್ಪಾಯ್ತು" ಅಂದರು. "ಓದದೇ ಸಹಿ ಹಾಕಿದ್ದಕ್ಕೂ."

ಒಬ್ಬರೂ ನಗಲಿಲ್ಲ. ಲೀಸ್ಬೆಟ್ ಮಾತ್ರ ಜೋರಾಗಿ ಅತ್ತಳು.

ಎಡಗೈ ಕೊಟ್ಟರು. ಬೆವೆತು ಒದ್ದೆಯಾಗಿತ್ತು. ಗಟ್ಟಿಯಾಗಿ ಹಿಡಿದೆ. ಗಂಟೆ ಬಾರಿಸಲಿಲ್ಲ. ಒಳ್ಳೆಯದೇ ಆಯಿತು, ಗಂಟೆ ಎಂದರೆ ನನಗೆ ಇನ್ನೂ ಭಯ. ದೇವರೇ, ಎಂಥ ನಿರಾಳ. ಹದಿನಾಲ್ಕು ವರ್ಷದಿಂದ ಬಿಗಿಹಿಡಿದ ಉಸಿರು ಬಿಟ್ಟ ಹಾಗಿದೆ.

೯ ಮೇ

ಮಳೆಯಲ್ಲಿ ನಾಯಿಗಳ ಜೊತೆ ಓಡಾಡಿ ಮತ್ತೆ ಜ್ವರ ತಂದುಕೊಂಡಿದ್ದಾರೆ. ಬುದ್ಧಿ ಬರುವ ಲಕ್ಷಣವಿಲ್ಲ. ಜ್ವರ ಸಣ್ಣದೇ, ಹೆದರಬೇಡಿ ಎಂದರು ಡಾಕ್ಟರು. ಹೊಸ ಟೋಪನ್ನು ಜೋಪಾನವಾಗಿ ದೂರ ತೆಗೆದಿಟ್ಟು, ಎದೆ ಪರೀಕ್ಷೆ ಮಾಡಲು ಕೂತರು.

"ಎಲ್ಲರೂ ಸ್ವಲ್ಪ ಆಚೆ ಹೋಗಿ."

ಆಳುಗಳು ಹೋದರು. ಉಲ್ರಿಕೆ ಎದ್ದಳು. ನಾನೂ ಎದ್ದೆ. ಹೆಣಿಗೆ ಸುತ್ತಿಕೊಂಡು, ಶಾಲು ಹೊದ್ದು, ಬಾಗಿಲ ತನಕ ಹೋದೆ. ಹೊಸಿಲ ಮೇಲೆ ಉಲ್ರಿಕೆ ನನ್ನ ತೋಳು ಹಿಡಿದು ನಿಲ್ಲಿಸಿದಳು.

"ನೀನೆಲ್ಲಿಗೆ ಹೊರಟೆ?" ಅಂದಳು. ತಾನು ಮಾತ್ರ ದಾಟಿ, ಹೊರಗಿನಿಂದ ಬಾಗಿಲು ಎಳೆದುಕೊಂಡಳು.

ಮಂಚದ ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ ಇದನ್ನು. ಡಾಕ್ಟರು ಹೋಗಿ ಬಹಳ ಹೊತ್ತಾಯಿತು. ಇವರು ಬಲ ಮಗ್ಗುಲಿಗೆ ಗೊರಕೆ. ಈಗ ಎಡಕ್ಕೆ. ಕಣ್ಣು ಬಿಟ್ಟರು. ಏನು ಬರೀತಿದ್ದೀಯ, ಬಾ ಇಲ್ಲಿ, ಎನ್ನುತ್ತಿದ್ದಾರೆ. ಸ್ವಲ್ಪ ತಡೀರಿ ಅಂದರೆ ಲೇಖನಿಗೇ ಕೈ ಹಾಕಿ—