ಗಣಿಗೆ ನಿನ್ನ ಹೆಸರಂತೆ

ಲೋ ಪುಟ್ಟಾ,

ಇವತ್ತು ನನ್ನ ಹೊಲಿಗೆ ಅಂಗಡಿಗೆ ಸರ್ಕಾರದ ಅಧಿಕಾರಿ ಬಂದಿದ್ದ. ನೀನು ಸತ್ತ ಗಡಿಗುಡ್ಡದಲ್ಲಿ ತಾಮ್ರದ ಗಣಿ ಶುರು ಮಾಡ್ತಾರಂತೆ. ಅದಕ್ಕೆ ನಿನ್ನ ಹೆಸರಂತೆ, ಗೇಟಿಗೆ ನಿನ್ನ ಫೋಟೋ ಬೇಕಂತೆ. ಪಾಲುದಾರರು ಯಾರು ಗೊತ್ತಾ? ನಿನಗೆ ಗುಂಡು ಹೊಡೆದ ದೇಶದವರೇ! ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ. ಈ ಎರಡೂ ಸರ್ಕಾರದವರ ಜಗಳ ಪಾಲು ಹಂಚಿಕೊಳ್ಳೋ ತನಕ. ಯುದ್ಧ ನಡೆದಷ್ಟು ದಿನ ಬೆಲೆ ಯಾಕೆ ಏರಿತು ಅಂತ ಕೇಳಿದವರೆಲ್ಲ ದೇಶದ್ರೋಹಿಗಳು, ಇವರ ಕುರ್ಚಿ ಭದ್ರ. ಈಗ ತಾಮ್ರವೂ ಬಂತು.

"ಮಣ್ಣಿಗಾಗಿ ಅಂತ ಕರೆದುಕೊಂಡು ಹೋದ್ರಿ. ಮಣ್ಣಿನ ಕೆಳಗೇನಿದೆ ಅಂತ ಯಾಕೆ ಹೇಳಲಿಲ್ಲ?" ಅಂದೆ.

"ಫೋಟೋ ಕೊಡಿ ಅಕ್ಕಾ," ಅಂದ.

"ನಿಮ್ಮ ಗೇಟಿಗೆ ಹಾಕೋ ಫೋಟೋ ನನ್ನ ಹತ್ರ ಇಲ್ಲ."

ಎದುರಿನ ಗೋಡೆಯಲ್ಲೇ, ಸೇನೆ ಸೇರೋ ದಿನಕ್ಕೆ ನಾನೇ ಹೊಲಿದುಕೊಟ್ಟ ಅಂಗಿಯಲ್ಲಿ ನೀನು ನಗ್ತಿದ್ದೆ. ಅವನು ಬೆರಳು ತೋರಿಸಿದ. "ಮತ್ತೆ ಅದು?"

"ಅದು ನನ್ನ ತಮ್ಮ."