ಶೇಠ ಮನೆಗೆ ಬರುವ ಮುಂಚೆ

ಮೂಡಲಗಿ
ಸೋಮವಾರ, 10 ನವೆಂಬರ್ 2025

ಪ್ರೀತಿಯ ಅಕ್ಕಾ,

ಹೇಗಿದ್ದೀ? ಅರೆತಲೆನೋವು ಕಡಿಮೆಯಾಯಿತೋ, ಇನ್ನೂ ಹಣೆಗೆ ದುಪ್ಪಟ್ಟಾ ಬಿಗಿದುಕೊಂಡೇ ಅಡುಗೆ ಮಾಡುತ್ತೀಯೋ? ದುರ್ಗೇಶ ಮಾಮಾ ಆರಾಮಾಗಿದ್ದಾರೆ ಅಂದುಕೊಂಡಿದ್ದೇನೆ. ನಿಮ್ಮ ಇಚಲಕರಂಜಿ ವಿಳಾಸವನ್ನು ಅವರ ಅಂಗಡಿಗೆ ಫೋನ್ ಮಾಡಿ ಇಸಿದುಕೊಂಡೆ, ಅವರನ್ನು ಬೈಯಬೇಡ. ಅವ್ವನ ಮಣ್ಣಾದ ದಿನದಿಂದ ನೀನು ನನ್ನ ಫೋನ್ ಎತ್ತಿಲ್ಲ. ಎರಡು ವರ್ಷವಾಯಿತು. ನಿನ್ನ ಸಿಟ್ಟು ತಪ್ಪೆಂದು ನಾನು ಯಾವತ್ತೂ ಅಂದಿಲ್ಲ. ಹಡೆದವ್ವನ ಕುಣಿಗೆ ಒಂದು ಹಿಡಿ ಮಣ್ಣು ಹಾಕಲು ಬಿಡದೆ ಅಪ್ಪ ನಿನ್ನನ್ನು ಬೇವಿನಗಿಡದ ಹತ್ತಿರವೇ ನಿಲ್ಲಿಸಿದ. ನಾನು ಬಾಜೂಕ್ಕೇ ಇದ್ದೆ, ಬಾಯಿ ಬಿಡಲಿಲ್ಲ. ಅದಕ್ಕೆ ನನ್ನನ್ನು ಎಷ್ಟು ಬೈದರೂ ಕಡಿಮೆಯೇ. ಆದರೆ ಈ ಪತ್ರವನ್ನು ಮುಗಿಯುವತನಕ ಓದು, ಆಮೇಲೆ ಬೈ.

ಮೊದಲು ಅಪ್ಪನ ಸುದ್ದಿ. ಹೋದ ಮಾರ್ಚಿನಲ್ಲಿ ಲಕ್ವಾ ಹೊಡೆಯಿತು. ಬಲಗೈ ಬಲಗಾಲು ಹೋದವು. ಈಗ ಕೋಲು ಹಿಡಿದು ಓಡಾಡುತ್ತಾನೆ, ಕೈ ಮಾತ್ರ ಏಳುವುದಿಲ್ಲ, ಮಾತೂ ಹೋಗಿದೆ. ಇಪ್ಪತ್ತೆಂಟು ವರ್ಷ ಗೋಕಾಕ–ಹುಕ್ಕೇರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿ ಕೂಗಿದ ‘ರೈಟ್’ ಒಂದೇ ಬಾಯಲ್ಲಿ ಉಳಿದದ್ದು. ಹಸಿವಾದರೂ ರೈಟ್, ಚಳಿಯಾದರೂ ರೈಟ್, ಅವ್ವನ ಫೋಟೋದ ಮುಂದೆ ಕೂತು ಅಳುವಾಗಲೂ ರೈಟ್. ನೀನು ದುರ್ಗೇಶ ಮಾಮಾನನ್ನು ಮದುವೆಯಾಗಿ ಬಂದ ದಿನ ‘ಇನ್ನ ಮ್ಯಾಲ ನನಗ ಒಬ್ಬಾಕೇ ಮಗಳು’ ಅಂತ ನಿನ್ನನ್ನು ಹೊಸ್ತಿಲಾಚೆ ನಿಲ್ಲಿಸಿದ ಬಾಯಿ ಅದೇ ಅಲ್ಲವೇ? ಖರೆ ಹೇಳುತ್ತೇನೆ, ಆ ಬಾಯಿ ಬಿದ್ದುಹೋದ ದಿನ ಒಂದು ಕ್ಷಣ ನನಗೆ ಒಳ್ಳೆಯದೇ ಆಯಿತು ಅನ್ನಿಸಿತು. ದವಾಖಾನೆಯಿಂದ ಮನೆಗೆ ಬಂದ ಮರುದಿನ ಎಡಗೈಯಲ್ಲಿ ರೊಟ್ಟಿ ಮುರಿಯಲು ಹೆಣಗಾಡಿ, ತುಣುಕು ಕೆಳಗೆ ಬಿದ್ದಾಗ ನನ್ನ ಮುಖ ನೋಡಿದ. ಆವತ್ತು ಮೆಡಿಕಲ್ ಅಂಗಡಿಯ ಕೆಲಸಕ್ಕೆ ಹೋಗದೆ ಮನೆಯಲ್ಲೇ ಉಳಿದೆ.

ಈಗ ನಗಬೇಡ, ನಾವು ಒಂದು ಗಿಳಿಯನ್ನು ದತ್ತು ತೆಗೆದುಕೊಳ್ಳಲು ಹೊರಟಿದ್ದೇವೆ. ಹೊಲದಲ್ಲಿ ಜೋಳ ತಿನ್ನುವ ನಮ್ಮ ಹಸಿರು ಗಿಳಿಯಲ್ಲ, ಅದನ್ನು ಸಾಕಿದರೆ ಕೇಸು. ಇದು ಆಫ್ರಿಕಾದ್ದು, ಬೂದು ಬಣ್ಣ, ಬಾಲ ಮಾತ್ರ ಕೆಂಪು. ಯಾರೋ ಹನ್ನೆರಡು ವರ್ಷ ಇಷ್ಟೇ ಇಷ್ಟು ಪಂಜರದಲ್ಲಿ ಕೂರಿಸಿ, ಬೇಸರವಾದ ಮೇಲೆ ಬಿಟ್ಟುಹೋದರಂತೆ. ಎದೆಯ ಪುಕ್ಕವನ್ನೆಲ್ಲ ತಾನೇ ಕಿತ್ತುಕೊಂಡಿದೆ. ಘೋಡಗೇರಿಯ ಆಚೆ ಇಂಥ ಹಕ್ಕಿಗಳನ್ನು ಸಾಕುವ ಒಂದು ಆಶ್ರಯ ಇದೆ. ಅಲ್ಲಿಯವರು ಇದಕ್ಕೆ ಶೇಠ ಅಂತ ಹೆಸರಿಟ್ಟಿದ್ದಾರೆ. ಆಗಸ್ಟಿನಲ್ಲಿ ಅಪ್ಪನನ್ನು ಕರೆದುಕೊಂಡು ಸುಮ್ಮನೆ ನೋಡಲು ಹೋಗಿದ್ದೆ. ಅಪ್ಪನಿಗೆ ನನ್ನನ್ನು ಕರೆಯಲು ಬರುವುದಿಲ್ಲವಲ್ಲ, ಹಳೆಯ ಕಂಡಕ್ಟರ್ ಸೀಟಿಯನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡಿರುತ್ತಾನೆ. ಅಲ್ಲಿ ನಾನು ಸ್ವಲ್ಪ ದೂರ ಹೋಗಿದ್ದಕ್ಕೆ ಒಂದು ಸಲ ಊದಿದ. ಶೇಠ ಕತ್ತು ಓರೆ ಮಾಡಿ, ಎರಡು ಸಲ ಸೀಟಿ ಹೊಡೆಯಿತು. ಬಸ್ಸು ಬಿಡಲು ಹೊಡೆಯುತ್ತಾರಲ್ಲ, ಹಾಗೆ! ಅಪ್ಪ ಅರ್ಧ ಬಾಯಿಯಲ್ಲಿ ನಕ್ಕ. ಅವ್ವ ಹೋದ ಮೇಲೆ ನಾನು ನೋಡಿದ ಮೊದಲ ನಗು. ಆಶ್ರಯದವರು ಹೇಳಿದರು, ಬಂದ ಏಳು ತಿಂಗಳಲ್ಲಿ ಅದು ದನಿ ತೆಗೆದದ್ದೂ ಅದೇ ಮೊದಲಂತೆ. ಅಂದಿನಿಂದ ಪ್ರತಿ ರವಿವಾರ ಬೆಳಗಾಗುವುದರೊಳಗೆ ಅಪ್ಪ ಇಸ್ತ್ರಿಯ ಅಂಗಿ ಹಾಕಿಕೊಂಡು ತಯಾರು.

ಹಕ್ಕಿ ಕೊಡುವ ಮೊದಲು ಅವರು ಬಂದು ಮನೆ ನೋಡುತ್ತಾರೆ. ಎರಡನೇ ತಾರೀಖಿನ ರವಿವಾರ ಬರುವುದಿತ್ತು. ಎದುರು ಮನೆಯ ಗೌರಕ್ಕನಿಗೆ ಹೇಳಿದ್ದೇ ನನ್ನ ತಪ್ಪು. ‘ಹೆಣ್ಣ ನೋಡಾಕ ಬಂದಂಗ ಆತ ಬಿಡ, ನಾ ಎಲ್ಲಾ ಮಾಡತೇನಿ’ ಅಂತ ಸೆರಗು ಸಿಕ್ಕಿಸಿಯೇಬಿಟ್ಟಳು. ಶನಿವಾರ ಕಿಟಕಿ ಬಾಗಿಲಿಗೆಲ್ಲ ಎಣ್ಣೆಬಣ್ಣ ಬಳಿಸಿದಳು. ರವಿವಾರ ಬೆಳಿಗ್ಗೆ ಮೂಲೆಮೂಲೆಗೂ ಲೋಬಾನ ಹಾಕಿ ಮನೆಯೆಲ್ಲ ಘಮಘಮ ಮಾಡಿದಳು. ತಾನೇ ತಂದ ಹೊಸ ನಾನ್‌ಸ್ಟಿಕ್ ಬಾಣಲೆಯಲ್ಲಿ ಉಪ್ಪಿಟ್ಟಿಗೆ ರವೆ ಹುರಿಯುತ್ತಿರುವಾಗ ಆಶ್ರಯದ ಅನ್ನಪೂರ್ಣಾ ಮೇಡಂ ಬಂದರು. ಬಾಗಿಲಲ್ಲೇ ನಿಂತು ಮೂಗಿಗೆ ಕರವಸ್ತ್ರ ಹಿಡಿದರು. ‘ಏನ್ರಿ ಇದು, ಈ ಬಣ್ಣದ ವಾಸನಿ, ಈ ಹೊಗಿ, ಈ ಬಾಣಲಿ ಕಾದರ ಅದರ ಹಬಿ, ಇದರಾಗ ಒಂದ ಸಾಕ್ರಿ ಹಕ್ಕಿ ಜೀವಾ ಹೋಗಾಕ’ ಅಂದರು. ಗೌರಕ್ಕ ಸೌಟು ಹಿಡಿದುಕೊಂಡೇ ಕಿಟಕಿ ತೆರೆಯಲು ಓಡಿದಳು. ಬಂದವರಿಗೆ ಮರ್ಯಾದೆ ಅಂತ ಮಾಡಿದ್ದೆಲ್ಲ ವಿಷ. ಮೇಡಂ ಕೆಟ್ಟವರಲ್ಲ, ಉಪ್ಪಿಟ್ಟನ್ನು ಅಂಗಳದಲ್ಲಿ ನಿಂತು ತಿಂದರು, ಇಪ್ಪತ್ತಮೂರನೇ ತಾರೀಖಿಗೆ ಇನ್ನೊಂದು ಸಲ ಬರುತ್ತೇನೆ ಅಂದರು. ಆವತ್ತೂ ಸರಿ ಕಾಣದಿದ್ದರೆ ಶೇಠ ಪುಣೆಯ ಒಂದು ಮನೆಗೆ ಹೋಗುತ್ತದೆ. ಅಲ್ಲಿಯವರು ಆಗಲೇ ಕೇಳಿಕೊಂಡು ಕೂತಿದ್ದಾರೆ.

ಅಪ್ಪ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಮಾತು ಹೋಗಿದೆಯೇ ಹೊರತು ತಲೆ ನೆಟ್ಟಗಿದೆ. ನಿನಗೆ ಗೊತ್ತಿಲ್ಲ, ಅವ್ವ ಹೋದಂದಿನಿಂದ ಪ್ರತಿ ಸಂಜೆ ಅವಳ ಫೋಟೋದ ಮುಂದೆ ಅಪ್ಪನೇ ಲೋಬಾನ ಹಾಕುತ್ತಾನೆ, ಲಕ್ವಾ ಹೊಡೆದ ಮೇಲೂ ಒಂದು ದಿನ ತಪ್ಪಿಸಿಲ್ಲ. ಅದನ್ನು ಬಿಡು ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ಮೇಡಂ ಹೋದ ಸಂಜೆ ಅವನೇ ಎದ್ದು, ಫೋಟೋವನ್ನು ಗೋಡೆಯಿಂದ ಇಳಿಸಿ, ಎದೆಗೆ ಒತ್ತಿ ಹಿಡಿದು, ಗೋಡೆ ಆನಿಕೆ ಮಾಡಿಕೊಂಡು ಹಿತ್ತಲಿಗೆ ನಡೆದ. ಅರಿವೆ ಒಗೆಯುವ ಕಲ್ಲಿನ ಮೇಲೆ ಅವ್ವನನ್ನು ಇಟ್ಟು, ಅಲ್ಲಿ ಹೊಗೆ ಹಾಕಿದ. ಮುಗಿದ ಮೇಲೆ ಮತ್ತೆ ಒಳಗೆ ತಂದು ಮೊಳೆಗೆ ಹಾಕಿದ. ಎಂಟು ದಿನದಿಂದ ಹೀಗೇ ನಡೆದಿದೆ. ಹಿಡಿಯಲು ಹೋದರೆ ನನ್ನ ಕೈ ತಳ್ಳುತ್ತಾನೆ. ಅಡುಗೆಮನೆಯಲ್ಲಿ ನಿಂತು ಅತ್ತುಬಿಡುತ್ತೇನೆ, ಮತ್ತೇನು ಮಾಡಲಿ?

ಉಳಿದದ್ದು ಮುಗಿಯುತ್ತ ಬಂದಿದೆ. ಬಾಣಲೆಯನ್ನು ಗೌರಕ್ಕ ಸಿಟ್ಟಿನಿಂದ ತನ್ನ ಮನೆಗೇ ಒಯ್ದಳು, ನಾನು ಅವ್ವನ ಕಬ್ಬಿಣದ ಹಂಚು ತೆಗೆದಿದ್ದೇನೆ. ಕಿಟಕಿಗೆ ಜಾಳಿಗೆ ಬಡಿಸಿದೆ. ಗೋಕಾಕದಿಂದ ಆಳೆತ್ತರದ ಪಂಜರ ಬಂದಿದೆ, ಅದನ್ನು ನೀನು ಮಲಗುತ್ತಿದ್ದ ಮೂಲೆಯಲ್ಲಿ ಇಟ್ಟಿದ್ದೇವೆ, ಬೆಳಕು ಚೆನ್ನಾಗಿ ಬೀಳುವುದು ಅಲ್ಲಿಯೇ. ಬೇಜಾರು ಮಾಡಿಕೊಳ್ಳಬೇಡ. ಹೊಟ್ಟೆಗೆ ಸರಿಯಾಗಿ ತಿನ್ನು, ಔಷಧಿ ತಪ್ಪಿಸಬೇಡ. ಮಾಮಾನಿಗೆ ನನ್ನ ನಮಸ್ಕಾರ ತಿಳಿಸು. ಗೌರಕ್ಕ ನಿನ್ನನ್ನು ಕೇಳಿದ್ದಾಳೆ.

ಮಣ್ಣಿನ ದಿನ ಸುಮ್ಮನೆ ನಿಂತ ನಿನ್ನ ತಂಗಿ,
ಮಯೂರಿ

ತಾ.ಕ.: ಇಷ್ಟೊತ್ತು ಸುತ್ತಿ ಬಳಸಿದೆ, ಈಗ ಟಪಾಲು ಹೋಗುವ ಹೊತ್ತಾಯಿತು. ಈ ಜಾತಿಯ ಗಿಳಿ ನಲವತ್ತು ಐವತ್ತು ವರ್ಷ ಬದುಕುತ್ತದಂತೆ. ಅದಕ್ಕೆ ಅರ್ಜಿಯಲ್ಲಿ ಒಂದು ಕಡೆ, ನಮ್ಮಿಂದ ಆಗದಿದ್ದರೆ ಮುಂದೆ ನೋಡಿಕೊಳ್ಳುವ, ಬೇರೆ ಮನೆಯಲ್ಲಿರುವ ರಕ್ತಸಂಬಂಧಿಯ ಹೆಸರು ಬರೆಯಬೇಕು. ನಾನು ಶಿದ್ಲಿಂಗಪ್ಪ ಕಾಕಾನ ಹೆಸರು ಬರೆದಿದ್ದೆ. ನಿನ್ನೆ ಅಪ್ಪ ಅರ್ಜಿ ಕಸಿದುಕೊಂಡು ಅದನ್ನು ಹೊಡೆದುಹಾಕಿದ. ಎಡಗೈಯಲ್ಲಿ ಪೆನ್ನು ಹಿಡಿದು, ಬೆವರಿ, ಅರ್ಧ ತಾಸು ಕೂತು ಬರೆದ: ನಂದಿನಿ. ಸಂಬಂಧ ಅನ್ನುವಲ್ಲಿ: ಹಿರಿಮಗಳು. ಆ ಹಾಳೆಯನ್ನೇ ಇದರಲ್ಲಿ ಇಟ್ಟಿದ್ದೇನೆ, ನಿನ್ನ ಸಹಿ ಬೇಕು. ಇಪ್ಪತ್ತಮೂರಕ್ಕೆ ನೀನೇ ಹಿಡಿದುಕೊಂಡು ಬಂದರೆ ಬಾಗಿಲಲ್ಲಿ ನಾನು ನಿಂತಿರುತ್ತೇನೆ, ಈ ಸಲ ಸುಮ್ಮನೆ ನಿಲ್ಲುವುದಿಲ್ಲ. ಮನಸ್ಸಿಲ್ಲದಿದ್ದರೆ ಸಹಿ ಮಾಡಬೇಡ, ನಾನು ಏನೂ ಅನ್ನುವುದಿಲ್ಲ, ಆದರೆ ಹಾಳೆಯನ್ನು ಹರಿಯಬೇಡ. ಮಾರ್ಚಿನಿಂದ ಈಚೆಗೆ ಅಪ್ಪ ಬರೆದದ್ದು ಆ ಎರಡು ಶಬ್ದ ಮಾತ್ರ.