ಮುಚ್ಚಿಟ್ಟ ಪೆಟ್ಟಿಗೆ, ಕಲಿಸದ ಪಾಠ

ತಾಂತ್ರಿಕ ತರಬೇತಿ ಕೇಂದ್ರಗಳ ಸಲಕರಣೆ ಖರೀದಿ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ಕಂಟ್ರೋಲರನ್ನು ಸರಿಯಾಗಿ ಮುಟ್ಟಿಯೂ ನೋಡದವರಿಗೆ ಕಂಟ್ರೋಲರ್ ಪ್ರೋಗ್ರಾಮಿಂಗಿನ ಪ್ರಮಾಣಪತ್ರ ಕೊಡಿಸಿದ್ದೀರಿ. ಸಹಿ ಹಾಕಿದವಳು ನಾನು, ಹಾಕಿಸಿದವರು ನೀವು. ಅದರ ಫಲವಾಗಿ ಒಂದು ಪ್ಯಾಕಿಂಗ್ ಕಾರ್ಖಾನೆಯಲ್ಲಿ ಒಬ್ಬ ಹೆಂಗಸಿನ ಬಲಗೈಯ ಮೂರು ಬೆರಳು ಹೋಗಿವೆ. ನಾನು ಬರೆದ ನಾಲ್ಕು ಪತ್ರಗಳೂ ನಿಮ್ಮಲ್ಲಿ ‘ಪರಿಶೀಲನೆಯಲ್ಲಿವೆ’. ಐದನೆಯದನ್ನು ಊರೆಲ್ಲ ಪರಿಶೀಲಿಸಲಿ.

ಎರಡು ವರ್ಷದ ಹಿಂದೆ ನಮ್ಮ ಕೇಂದ್ರಕ್ಕೆ ನೀವೊಂದು ಕಂಟ್ರೋಲರ್ ಕಳಿಸಿದಿರಿ. ಯಂತ್ರ ಯಾವಾಗ ಓಡಬೇಕು, ಯಾವಾಗ ನಿಲ್ಲಬೇಕು ಎಂದು ಹೇಳುವ ಪೆಟ್ಟಿಗೆ ಅದು. ದೊಡ್ಡ ಉಕ್ಕಿನ ಕಾರ್ಖಾನೆಗೆ ಸಲ್ಲುವಂಥದ್ದು. ಅದಕ್ಕೆ ಪ್ರೋಗ್ರಾಂ ಬರೆಯುವ ಸಾಫ್ಟ್‌ವೇರಿನ ಪರವಾನಗಿ ಪೆಟ್ಟಿಗೆಗಿಂತ ದುಬಾರಿ. ಮೂಗಿಗಿಂತ ಮೂಗುತಿ ಭಾರ! ಪರವಾನಗಿ ಬರಲಿಲ್ಲ, ಕೇಬಲ್ಲೂ ಬರಲಿಲ್ಲ. ‘ಹಾಳಾದರೆ ಬೋಧಕರೇ ಹೊಣೆ’ ಎಂಬ ಸುತ್ತೋಲೆ ಮಾತ್ರ ತಪ್ಪದೆ ಬಂತು. ಪೆಟ್ಟಿಗೆ ಗಾಜಿನ ಬೀರು ಸೇರಿತು. ಕಲಿಯಲು ಬಂದ ಮೂವತ್ತೆರಡು ಜನ ಅದನ್ನು ವಸ್ತುಸಂಗ್ರಹಾಲಯದ ಕಿರೀಟದಂತೆ ನೋಡಿಕೊಂಡು ಹೋದರು.

ನಾನೇನು ಮಾಡಬೇಕಿತ್ತು? ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಕಂಟ್ರೋಲರೊಂದನ್ನು ಸ್ವಂತಕ್ಕೆ ಕೊಂಡು ತಂದೆ. ಅದರ ಸಾಫ್ಟ್‌ವೇರ್ ಉಚಿತ. ಗುಮಾಸ್ತರು ಮೂಲೆಗೆಸೆದ ಕಂಪ್ಯೂಟರಿನಲ್ಲೂ ಓಡುತ್ತಿತ್ತು. ಪ್ಲೈವುಡ್ ಹಲಗೆಯ ಮೇಲೆ ಅದನ್ನೂ ನಾಲ್ಕು ಬಟನ್ನುಗಳನ್ನೂ ಒಂದು ಪುಟ್ಟ ಮೋಟರನ್ನೂ ಕೂರಿಸಿದೆ. ಮೊದಲ ಬಾರಿ ಸೈಕಲ್ ತುಳಿಯುವವನಿಗೆ ವಿಮಾನ ಕೊಡಿಸುವುದು ಯಾವ ಜಾಣತನ? ತರ್ಕ ಚಿಕ್ಕದರಲ್ಲೂ ಅದೇ, ದೊಡ್ಡದರಲ್ಲೂ ಅದೇ.

ತರಬೇತಿಯ ಐದನೆಯ ವಾರ ನಿಮ್ಮ ತಪಾಸಣಾಧಿಕಾರಿ ಬಂದರು.

“ಇದು ಅನುಮೋದಿತ ಪಟ್ಟಿಯಲ್ಲಿ ಇಲ್ವಲ್ಲ?”

“ಪಟ್ಟಿಯಲ್ಲಿರೋದು ಬೀರುವಿನಲ್ಲಿದೆ ಸರ್. ಇದು ಕೆಲಸ ಮಾಡುತ್ತೆ.”

“ಕೆಲಸ ಮಾಡೋದು ಬೇರೆ ವಿಷಯ ಮೇಡಂ.”

ಹಲಗೆಗೆ ಬಟ್ಟೆ ಸುತ್ತಿ ಅರಗಿನ ಮುದ್ರೆ ಒತ್ತಿ ಹೋದರು.

ಅಂದು ಮುಂದಿನ ಬೆಂಚಿನಲ್ಲಿ ಕೂತಿದ್ದ ಒಬ್ಬರನ್ನು ಎಲ್ಲರೂ ‘ರಿಲೇ ಅಣ್ಣ’ ಎನ್ನುತ್ತಿದ್ದರು. ಕಂಟ್ರೋಲರಿಗೂ ಮುಂಚೆ ಯಂತ್ರಗಳನ್ನು ನಡೆಸುತ್ತಿದ್ದ ರಿಲೇ ಪ್ಯಾನೆಲ್ಲುಗಳಿಗೆ ಇಪ್ಪತ್ತಾರು ವರ್ಷ ತಂತಿ ಎಳೆದವರು. ಹೊಸದನ್ನು ಕಲಿಯಿರಿ, ಇಲ್ಲವೇ ಮನೆಗೆ ಹೋಗಿ ಎಂದು ಕಾರ್ಖಾನೆ ಹೇಳಿದ್ದರಿಂದ ನಲವತ್ತೆಂಟನೆಯ ವಯಸ್ಸಿನಲ್ಲಿ ವಿದ್ಯಾರ್ಥಿಯಾದವರು.

“ಮೇಡಂ, ನಿಲ್ಲಿಸೋ ಬಟನ್ ಪಾಠ ಮುಂದಿನ ವಾರ ಅಂದಿದ್ರಲ್ಲ?”

“ಕಪ್ಪುಹಲಗೆ ಮೇಲೆ ಬರೆದು ಹೇಳ್ತೀನಿ ಅಣ್ಣ.”

ಬರೆದೆ. ಅವರೂ ಬರೆದುಕೊಂಡರು. ಪರೀಕ್ಷೆಯಲ್ಲಿ ಅವರಿಗೆ ಎಂಬತ್ತೆರಡು ಅಂಕ ಬಂತು.

ಆ ಪಾಠ ಇಷ್ಟೇ. ನಿಲ್ಲಿಸುವ ಬಟನ್ನಿನೊಳಗೆ ಸದಾ ಕರೆಂಟು ಹರಿಯುತ್ತಿರಬೇಕು. ಆ ಹರಿವು ತಪ್ಪಿದೊಡನೆ ಯಂತ್ರ ನಿಲ್ಲುತ್ತದೆ: ಒತ್ತಿದರೂ ನಿಲ್ಲಬೇಕು, ತಂತಿ ತಾನಾಗಿ ಕಿತ್ತುಬಂದರೂ ನಿಲ್ಲಬೇಕು. ಆದರೆ ಪ್ರೋಗ್ರಾಮಿನಲ್ಲಿ ಆ ಬಟನ್ನಿನ ಗುರುತನ್ನು ರಿಲೇ ನಕ್ಷೆಗೆ ತಿರುವುಮುರುವಾಗಿ ಹಾಕಬೇಕು. ಹಳೆಯ ಅಭ್ಯಾಸದಂತೆ ಹಾಕಿದರೆ ಮೋಟರು ಶುರುವಾಗುವುದೇ ಇಲ್ಲ. ಪ್ಲೈವುಡ್ ಹಲಗೆಯ ಮೇಲೆ ಎಲ್ಲರೂ ಒಮ್ಮೆ ಈ ತಪ್ಪು ಮಾಡುತ್ತಾರೆ, ನಗುತ್ತಾರೆ, ತಿದ್ದಿಕೊಳ್ಳುತ್ತಾರೆ. ರಿಲೇ ಅಣ್ಣ ಅದನ್ನು ಮೊದಲ ಬಾರಿ ಮಾಡಿದ್ದು ಕಾರ್ಖಾನೆಯಲ್ಲಿ. ಮೋಟರು ಅಲುಗಲಿಲ್ಲ. “ಸರ್ಟಿಫಿಕೇಟ್ ಇದೆ ತಾನೇ? ಇನ್ನೂ ಎಷ್ಟು ಹೊತ್ತು?” ಎಂದು ಮ್ಯಾನೇಜರು ಬೆನ್ನ ಹಿಂದೆಯೇ ನಿಂತಿದ್ದರು. ಪ್ರೋಗ್ರಾಮಿನ ಗುರುತು ಬದಲಿಸುವ ಬದಲು ಅಣ್ಣ ಬಟನ್ನನ್ನೇ ಬದಲಿಸಿದರು: ಸುಮ್ಮನಿದ್ದಾಗ ಕರೆಂಟು ಹರಿಯದ, ಒತ್ತಿದಾಗ ಮಾತ್ರ ಹರಿಯುವ ಬಟನ್. ಡಬ್ಬಗಳನ್ನು ಸಾಗಿಸುವ ಬೆಲ್ಟು ಓಡಿತು, ಒತ್ತಿದರೆ ನಿಂತಿತು. ಯಾರಿಗೆ ಸಂಶಯ ಬರಬೇಕು?

ನಾಲ್ಕು ತಿಂಗಳ ನಂತರ ಯಂತ್ರದ ಅದುರಾಟಕ್ಕೆ ಆ ಬಟನ್ನಿನ ತಂತಿ ಕಳಚಿತು. ಬೆಲ್ಟು ಓಡುತ್ತಲೇ ಇತ್ತು. ಸಿಕ್ಕಿಕೊಂಡ ಡಬ್ಬವನ್ನು ಬಿಡಿಸಲು ಪ್ಯಾಕಿಂಗಿನ ಹೆಂಗಸು ಎಡಗೈಯಲ್ಲಿ ಬಟನ್ ಒತ್ತಿ ಬಲಗೈ ಒಳಗಿಟ್ಟಳು. ದಿನವೂ ಹಾಗೆಯೇ ಮಾಡುತ್ತಿದ್ದವಳು. ಅಂದು ಬೆಲ್ಟು ನಿಲ್ಲಲಿಲ್ಲ.

ತನಿಖಾ ವರದಿ ಒಂದೇ ಸಾಲು: ‘ತಂತ್ರಜ್ಞನ ಅಜಾಗರೂಕತೆ.’ ಅಣ್ಣನ ಕೆಲಸ ಹೋಯಿತು. ಆ ಹೆಂಗಸನ್ನು ನೋಡಲು ಆಸ್ಪತ್ರೆಗೆ ಹೋದಾಗ ಅವರನ್ನು ಆಕೆಯ ತಾಯಿ ಬಾಗಿಲಲ್ಲೇ ತಡೆದರಂತೆ: “ನಿಮ್ಮ ತಪ್ಪಲ್ಲ ಅಂತ ಅವಳೇ ಹೇಳಿದಾಳಪ್ಪ. ಆದ್ರೆ ಇನ್ನು ಬರಬೇಡಿ.”

ಹೋದ ಭಾನುವಾರ ಅವರು ನನ್ನ ಮನೆಗೆ ಬಂದಿದ್ದರು. “ಎಲ್ಲಿ ತಪ್ಪಿದೆ ಅಂತ ತೋರಿಸಿಬಿಡಿ ಮೇಡಂ” ಎಂದರು. ನಾನು ಮತ್ತೊಂದು ಚಿಕ್ಕ ಕಂಟ್ರೋಲರ್ ಕೊಂಡಿದ್ದೆ. ಊಟದ ಮೇಜಿನ ಮೇಲೆ ಅವರೇ ಕಾರ್ಖಾನೆಯಲ್ಲಿದ್ದಂತೆಯೇ ಜೋಡಿಸಿದರು. ತಂತಿ ಕಿತ್ತು ಬಟನ್ ಒತ್ತಿದರು. ಮೋಟರು ತಿರುಗುತ್ತಲೇ ಇತ್ತು. ನಾನು ಬಟನ್ನನ್ನೂ ಗುರುತನ್ನೂ ಬದಲಿಸಿ ಕೊಟ್ಟೆ. ಮತ್ತೆ ತಂತಿ ಕಿತ್ತರು. ಮೋಟರು ನಿಂತಿತು.

“ಇಷ್ಟೇನಾ ಮೇಡಂ?”

“ಇಷ್ಟೇ ಅಣ್ಣ.”

ಅವರು ಮತ್ತೆ ಮೇಜಿನ ಮೇಲೆ ಬಾಗಿದರು. ತಂತಿ ಸಿಕ್ಕಿಸುವುದು, ಕೀಳುವುದು, ಸಿಕ್ಕಿಸುವುದು, ಕೀಳುವುದು. ಸಾಕು ಎಂದು ನಾನೇ ಕೈ ಹಿಡಿಯಬೇಕಾಯಿತು.

ಮಾನ್ಯರೇ, ನನ್ನ ಹಲಗೆಯ ಮುದ್ರೆ ಒಡೆಸಿ. ಬಡ ಕೇಂದ್ರ ಕೊಳ್ಳಬಹುದಾದ, ಉಚಿತ ಸಾಫ್ಟ್‌ವೇರಿನ ಚಿಕ್ಕ ಕಂಟ್ರೋಲರುಗಳನ್ನು ನಿಮ್ಮ ಪಟ್ಟಿಗೆ ಸೇರಿಸಿ. ತನ್ನ ಕೈಯಾರೆ ತಂತಿ ಕಿತ್ತು ನೋಡದ ಯಾರಿಗೂ ಪ್ರಮಾಣಪತ್ರ ಬೇಡ. ಆ ತನಿಖಾ ವರದಿಯಲ್ಲಿ ರಿಲೇ ಅಣ್ಣನ ಹೆಸರಿನ ಕೆಳಗೆ ನನ್ನ ಹೆಸರು ಬರೆಸಿ, ಅದರ ಕೆಳಗೆ ನಿಮ್ಮದು. ಮುಂದಿನ ತಂಡದ ಇಪ್ಪತ್ತೆಂಟು ಪ್ರಮಾಣಪತ್ರಗಳು ನನ್ನ ಮೇಜಿನ ಮೇಲಿವೆ. ಒಂದಕ್ಕೂ ನಾನು ಸಹಿ ಹಾಕಿಲ್ಲ, ಹಾಕುವುದೂ ಇಲ್ಲ.

ಇಂತಿ,
ಇನ್ನೆಷ್ಟು ದಿನ ನಿಮ್ಮ ಅಧೀನದಲ್ಲಿರುವೆನೋ ತಿಳಿಯದ
ಒಬ್ಬ ಬೋಧಕಿ